ಫ್ರಿಜ್ಜಿನ ಸದ್ದು

ಮಂಗಳವಾರ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಇಂತಿಸಾರ್‌ಗೆ ಎರಡು ಸಂಗತಿ ಒಟ್ಟಿಗೇ ನೆನಪಾದವು. ಇವತ್ತು ನೀರಿನ ದಿನ. ಇವತ್ತೇ ಇನ್‌ಸ್ಪೆಕ್ಟರು ಬರುವ ದಿನ. ಎರಡರಲ್ಲಿ ಯಾವುದಕ್ಕೆ ಮೊದಲು ಹೆದರಬೇಕೆಂದು ತೀರ್ಮಾನವಾಗದೆ ಸ್ವಲ್ಪ ಹೊತ್ತು ಸೂರು ನೋಡುತ್ತಾ ಮಲಗಿದ್ದಳು. ಸೂರಿನ ಮೇಲೆ ಎರಡು ಟ್ಯಾಂಕುಗಳಿವೆ, ಒಂದು ಇವರದು, ಇನ್ನೊಂದು ಕೆಳಮನೆಯ ಉಮ್ಮ್ ಗಾಲಿಬ್‌ರದು. ಮನೆ ಕಟ್ಟಿದಾಗ ಒಂದೇ ದಿನ ಏರಿಸಿದ ಒಂದೇ ಅಳತೆಯ ಟ್ಯಾಂಕುಗಳು. ಬುಧವಾರ ಬೆಳಿಗ್ಗೆ ನೋಡಿದರೆ ಇವರದು ಕಂಠಮಟ್ಟ ತುಂಬಿರುತ್ತದೆ, ಅವರದನ್ನು ಬಡಿದರೆ ತಮಟೆಯ ಸದ್ದು ಬರುತ್ತದೆ. ಅಮ್ಮಾನಿನ ಈ ಗುಡ್ಡಕ್ಕೆ ನೀರು ಬರುವುದು ವಾರಕ್ಕೊಮ್ಮೆ, ಮಂಗಳವಾರ ಮಧ್ಯಾಹ್ನ ಎರಡರ ಮೇಲೆ, ಅದಕ್ಕೆ ಮನಸ್ಸು ಬಂದಾಗ. ಕಂಬಳಿ, ಪರದೆ, ಮಕ್ಕಳು ಎಲ್ಲವನ್ನೂ ಗುಡ್ಡದವರು ಅವತ್ತೇ ತೊಳೆದುಕೊಳ್ಳುತ್ತಾರೆ. ಮಂಗಳವಾರ ಯಾರೂ ಹೆಣ್ಣು ನೋಡಲು ಹೋಗುವುದಿಲ್ಲ, ಸತ್ತರೂ ಸಂಜೆಯ ಮೇಲೆ ಸತ್ತರೆ ಒಳ್ಳೆಯದು ಅನ್ನುತ್ತಾರೆ.

ಗಂಡ ಸಫ್ವಾನ್ ಆಗಲೇ ಎದ್ದು ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ ಪುದೀನಕ್ಕೆ ನೀರು ಹಾಕುತ್ತಿದ್ದ. ಸೈನ್ಯದಿಂದ ನಿವೃತ್ತನಾದ ಮೇಲೆ ಅವನು ಕಾಳಜಿಯಿಂದ ಮಾಡುವ ಕೆಲಸ ಅದೊಂದೇ. ಆಲಿವ್ ಎಣ್ಣೆಯ ಐದು ಖಾಲಿ ಡಬ್ಬಗಳಲ್ಲಿ ಪುದೀನ ಸೊಂಪಾಗಿ ಬೆಳೆದು ನಿಂತಿತ್ತು. ಪುದೀನದ ಮೇಲೆ ಅವನಿಗೆ ಅಷ್ಟು ಮಮತೆ ಬಂದದ್ದು ಎರಡು ಬೇಸಿಗೆಯ ಹಿಂದೆ, ಆ ಡಬ್ಬಗಳ ಹಿಂದೆ ಮೋಟರು ಕೂರಿಸಿದ ದಿನದಿಂದ. ಬೀದಿಯ ಕೊಳವೆಯಿಂದ ನೇರವಾಗಿ ನೀರೆಳೆಯುವ ಮೋಟರು. ಹಾಗೆ ಎಳೆಯುವುದು ಕಾನೂನಿಗೆ ವಿರುದ್ಧ ಎಂದು ಇಂತಿಸಾರ್ ಪಾಠ ಮಾಡುವ ಪರಿಸರ ವಿಜ್ಞಾನದ ಪುಸ್ತಕದಲ್ಲೇ ಕೆಂಪು ಚೌಕ ಹಾಕಿ ಅಚ್ಚು ಮಾಡಿದ್ದಾರೆ. ಅವಳು ಆ ಪುಟ ತೆಗೆದು ತೋರಿಸಿದ್ದಳು. ಸಫ್ವಾನ್ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಚೆನ್ನಾಗಿ ಬರೆದಿದ್ದಾರೆ ಅಂದಿದ್ದ. ಗುಡ್ಡದಲ್ಲಿ ಯಾರ ಮನೆಯಲ್ಲಿಲ್ಲ ಹೇಳು, ಎಲ್ಲರೂ ಎಳೆಯುವಾಗ ನಾವೊಬ್ಬರು ಬಿಟ್ಟರೆ ನೀರೇನು ನಮ್ಮನ್ನು ಹುಡುಕಿಕೊಂಡು ಮೇಲೆ ಹತ್ತಿ ಬರುತ್ತದೆಯೇ ಎಂದು ಕೇಳಿದ್ದ. ಆ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಅಥವಾ ಇತ್ತೇನೋ, ಮೊದಲ ಮಂಗಳವಾರ ಟ್ಯಾಂಕು ತುಂಬಿ ತುಳುಕಿದ ಸದ್ದು ಕೇಳಿ, ತಲೆಗೆ ಎರಡು ಸಲ ಸೋಪು ಹಾಕಿ ಸ್ನಾನ ಮಾಡಿ ಬಂದ ಮೇಲೆ ಹುಡುಕುವ ಉತ್ಸಾಹ ಉಳಿಯಲಿಲ್ಲ.

ಅವತ್ತೇ ಮೆಟ್ಟಿಲ ಮೇಲೆ ಉಮ್ಮ್ ಗಾಲಿಬ್ ಸಿಕ್ಕಿದ್ದರು. ಅಜ್ಲೂನಿನ ಕಡೆಯ ಹಳ್ಳಿಯಿಂದ, ಊರ ನಡುವೆ ಚಿಲುಮೆ ಇದ್ದ ಹಳ್ಳಿಯಿಂದ, ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಲೆಂದು ಬಂದು ಕೆಳಮನೆ ಹಿಡಿದ ಹೆಂಗಸು. ಮೇಲಿಂದ ಗುಂಯ್ ಅಂತ ಏನೋ ಸದ್ದು ಬರುತ್ತಲ್ಲ ಮಿಸ್, ಏನದು ಎಂದು ಕೇಳಿದ್ದರು. ಇಪ್ಪತ್ತೆರಡು ವರ್ಷ ಪಾಠ ಮಾಡಿದ ನಾಲಿಗೆ ಒಂದು ಕ್ಷಣವೂ ತಡವರಿಸಲಿಲ್ಲ. ‘ಫ್ರಿಜ್’ ಅಂದಿತ್ತು. ‘ಹಳೇದು. ಸೆಕೆಗೆ ಹಾಗೆ ಸದ್ದು ಮಾಡುತ್ತೆ.’ ನಿಜವಾದ ಫ್ರಿಜ್, ಪಾಪ, ಉಸಿರೆತ್ತದ ಜಾತಿಯದು. ಅಂದಿನಿಂದ ಉಮ್ಮ್ ಗಾಲಿಬ್ ಪ್ರತಿ ವಾರ ತಪ್ಪದೆ ಅದರ ಆರೋಗ್ಯ ವಿಚಾರಿಸುತ್ತಾರೆ. ಹೇಗಿದೆ ಮಿಸ್ ನಿಮ್ಮ ಫ್ರಿಜ್? ರಿಪೇರಿಯವನನ್ನು ಕರೆಸಿದಿರಾ? ಅದು ಚುಚ್ಚುಮಾತೋ ಕಾಳಜಿಯೋ ಇಂತಿಸಾರ್‌ಗೆ ಇಂದಿಗೂ ಬಗೆಹರಿದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಯಾರ ಮನೆಯಲ್ಲಿ ಫ್ರಿಜ್ಜಿನ ಮಾತು ಬಂದರೂ ಅವಳ ಕಿವಿ ಬಿಸಿಯಾಗುತ್ತದೆ. ಹೋದ ವಾರ ಉಮ್ಮ್ ಗಾಲಿಬ್ ದ್ರಾಕ್ಷಿ ಎಲೆಯಲ್ಲಿ ಅನ್ನ ತುಂಬಿ ಸುತ್ತಿದ ದವಾಲಿಯನ್ನು ತಟ್ಟೆ ತುಂಬಾ ತಂದುಕೊಟ್ಟು, ನಿಮ್ಮ ಫ್ರಿಜ್ಜಲ್ಲಿಡಿ ಮಿಸ್, ಗಟ್ಟಿ ಜೀವ ಅದು, ಕೆಡೋಲ್ಲ ಅಂದಿದ್ದರು. ಆ ತಟ್ಟೆಯನ್ನು ಖಾಲಿ ಹಿಂತಿರುಗಿಸುವ ಹಾಗಿಲ್ಲ, ತುಂಬಿಸಿ ಕೊಡಲು ಏನು ಮಾಡಿದರೂ ಮನಸ್ಸೊಪ್ಪಲಿಲ್ಲ. ವಾರವಾಯಿತು, ತಟ್ಟೆ ಕಪಾಟಿನ ಮೇಲೆ ಕೂತು ಅವಳನ್ನೇ ನೋಡುತ್ತಿದೆ.

ಶಾಲೆಗೆ ಇಳಿಯಲು ನೂರ ಹದಿನಾಲ್ಕು ಮೆಟ್ಟಿಲು. ಅರ್ಧ ದಾರಿಯಲ್ಲಿ ಮಸೀದಿ, ಮಸೀದಿಯ ಹೊರಗೋಡೆಗೆ ನಲ್ಲಿ. ವಾರದ ಕೊನೆಗೆ ಉಮ್ಮ್ ಗಾಲಿಬ್‌ರ ಮಗಳು ಸುಂದುಸ್ ಆ ನಲ್ಲಿಯಿಂದ ಎರಡು ಕೈಗೂ ಎರಡು ಕ್ಯಾನು ಹಿಡಿದು ಮೇಲೆ ಹತ್ತುತ್ತಾಳೆ. ಹತ್ತನೇ ತರಗತಿ, ಇಂತಿಸಾರ್‌ಳದೇ ವಿದ್ಯಾರ್ಥಿನಿ. ಎದುರು ಸಿಕ್ಕಾಗಲೆಲ್ಲ ಕ್ಯಾನುಗಳನ್ನು ಕೆಳಗಿಟ್ಟು ‘ಮಿಸ್’ ಎಂದು ಕೈಯೆತ್ತಿ ನಮಸ್ಕರಿಸುತ್ತಾಳೆ. ಇಡಬೇಡ, ನೀರು ಚೆಲ್ಲುತ್ತೆ ಅನ್ನುತ್ತಾಳೆ ಇಂತಿಸಾರ್. ಮನೆಯಲ್ಲಿ ಎಷ್ಟು ನೀರು ಖರ್ಚಾಗುತ್ತದೆಂದು ಒಂದು ತಿಂಗಳು ಬರೆದಿಡಿ ಅಂತ ಅವಳು ತರಗತಿಗೆ ಹೇಳಿದಾಗ ಎಲ್ಲರಿಗಿಂತ ಕಡಿಮೆ ಬಂದದ್ದು ಸುಂದುಸ್ ಮನೆಯದು. ಅದಕ್ಕೆ ಚಿನ್ನದ ಬಣ್ಣದ ನಕ್ಷತ್ರ ಅಂಟಿಸಿ ಗೋಡೆಗೆ ಹಾಕಿದ್ದೂ ಇಂತಿಸಾರೇ. ಮಿತವ್ಯಯ ಅಂದರೆ ಇದು, ಈ ಮನೆಯವರನ್ನು ನೋಡಿ ಕಲಿಯಿರಿ ಎಂದು ಮೂವತ್ತೊಂಬತ್ತು ಹುಡುಗಿಯರ ಮುಂದೆ ಹೇಳಿದ್ದಳು. ಹೇಳುತ್ತಿರುವಾಗಲೇ ತನ್ನ ಬಾಯಿಯಿಂದ ಬರುತ್ತಿರುವುದೇನೆಂದು ಅವಳಿಗೆ ಗೊತ್ತಾಗಿತ್ತು. ಆದರೆ ವಾಕ್ಯ ಶುರುವಾಗಿಬಿಟ್ಟಿತ್ತು, ಮುಗಿಸದೆ ಗತಿಯಿರಲಿಲ್ಲ. ಸುಂದುಸ್ ನಾಚಿಕೊಂಡು ತಲೆ ತಗ್ಗಿಸಿದ್ದಳು, ಹೊಗಳಿಕೆ ಅಂತಲೇ ತಿಳಿದು.

ಶಾಲೆಯ ಅಂಗಳದಲ್ಲಿ ನೀರಿನ ಲಾರಿ ನಿಂತಿತ್ತು. ಮುಖ್ಯೋಪಾಧ್ಯಾಯಿನಿ ಸಿತ್ತ್ ಹೈಫಾ ಇನ್‌ಸ್ಪೆಕ್ಟರಿಗಾಗಿ ತರಿಸಿದ್ದು. ಶೌಚಾಲಯಕ್ಕೆ ಬೀಗ ಹಾಕಿಸಿ, ಲಾರಿಯ ನೀರನ್ನೆಲ್ಲ ಗೇಟಿನಿಂದ ಕಚೇರಿಯವರೆಗಿನ ಗಿಡಗಳಿಗೆ ಬಿಡಿಸುತ್ತಿದ್ದರು. ‘ನೀರು ಅಮೂಲ್ಯ’ ಎಂಬ ಫಲಕವನ್ನು ಜವಾನ ಪೈಪು ಹಿಡಿದು ತೊಳೆಯುತ್ತಿದ್ದ. ಇಂತಿಸಾರ್‌ಳನ್ನು ಕಂಡು ಸಿತ್ತ್ ಹೈಫಾ ಹತ್ತಿರ ಬಂದು ಕಿವಿಯಲ್ಲಿ, ಹುಡುಗಿಯರಿಗೆ ಕೈ ವಿಷಯ ಹೇಳಿದ್ದೀಯಲ್ಲ ಎಂದು ಕೇಳಿದರು. ಹೇಳಿಯಾಗಿತ್ತು. ಇನ್‌ಸ್ಪೆಕ್ಟರ ಮುಂದೆ ಏನು ಪ್ರಶ್ನೆ ಕೇಳಿದರೂ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಹಿಂದೆ ಕೂತು ನೋಡುವವರಿಗೆ ಇಡೀ ತರಗತಿ ಪಂಡಿತರಂತೆ ಕಾಣಬೇಕು, ಮಿಸ್ ಮಾತ್ರ ಬಲಗೈ ನೋಡಿ ಎಬ್ಬಿಸಬೇಕು. ಇದು ಈ ನಾಡಿನ ಶಾಲೆಗಳಷ್ಟೇ ಹಳೆಯ ವಿದ್ಯೆ. ಇಂತಿಸಾರ್ ಇದನ್ನು ಕಲಿತದ್ದು ತನ್ನ ಹನ್ನೊಂದನೇ ವಯಸ್ಸಿನಲ್ಲಿ. ಆಗ ಜಂಬಕ್ಕೆ ಬಿದ್ದು ಗೊತ್ತಿಲ್ಲದಿದ್ದರೂ ಬಲಗೈ ಎತ್ತಿ, ಎದ್ದು ನಿಂತು, ಬಾಯಿ ಬಿಡಲಾಗದೆ ನೆಲ ನೋಡಿದ್ದಳು. ಇನ್‌ಸ್ಪೆಕ್ಟರು ಹೋದ ಮೇಲೆ ಮಿಸ್ ಹೊಡೆಯಲಿಲ್ಲ. ಆ ಕೈಯನ್ನು ಹಿಡಿದು ತಿರುಗಿಸಿ ನೋಡಿ, ಇದು ಯಾವ ಕೈ ಎಂದು ಮಾತ್ರ ಕೇಳಿದ್ದರು. ಮೂವತ್ತೇಳು ವರ್ಷವಾಯಿತು, ಆ ಪ್ರಶ್ನೆ ನೆನಪಾದರೆ ಈಗಲೂ ಅಂಗೈ ಬೆವರುತ್ತದೆ.

ಇನ್‌ಸ್ಪೆಕ್ಟರು ಉಸ್ತಾದ್ ಫೌವಾಜ್ ಹತ್ತೂವರೆಗೆ ಬಂದರು, ಒಂದು ಕೈಯಲ್ಲಿ ಕಡತ, ಇನ್ನೊಂದರಲ್ಲಿ ನೀರಿನ ಬಾಟಲಿ. ಮೊದಲು ಗೋಡೆ ನೋಡಿದರು. ಆಹಾರ ಸರಪಳಿ ಬಿಡಿಸಿ ಅಂದದ್ದಕ್ಕೆ ಒಬ್ಬಳು ಹುಲ್ಲು, ಕುರಿ, ಕುರಿಮಾಂಸದ ಮನ್ಸಫ್ ಊಟ, ಅಪ್ಪ ಎಂದು ಬಿಡಿಸಿದ್ದಳು. ಅದರ ಮುಂದೆ ಬಹಳ ಹೊತ್ತು ನಿಂತರು, ಹಸಿವಾಗಿತ್ತೋ ಏನೋ. ನಕ್ಷತ್ರ ಅಂಟಿಸಿದ ಸುಂದುಸ್‌ಳ ಲೆಕ್ಕ ಓದಿ, ಮಾದರಿ ಕುಟುಂಬ ಎಂದು ತಲೆದೂಗಿದರು. ಪಾಠ ‘ಎಲ್ಲರ ಸ್ವತ್ತು’. ಮೂರು ದಿನದಿಂದ ನಾಲ್ಕು ಸಲ ಮಾಡಿ ಮುಗಿಸಿದ್ದ ಪಾಠವನ್ನು ಇಂತಿಸಾರ್ ಇವತ್ತೇ ಹೊಸದಾಗಿ ಹೊಳೆದಂತೆ ಶುರು ಮಾಡಿದಳು. ಊರಿಗೆಲ್ಲ ಒಂದೇ ಹುಲ್ಲುಗಾವಲು. ಒಬ್ಬ ಕುರಿಗಾಹಿ ತನ್ನ ಪಾಲಿಗಿಂತ ಒಂದು ಕುರಿ ಹೆಚ್ಚು ಬಿಡುತ್ತಾನೆ. ಅವನನ್ನು ನೋಡಿ ಇನ್ನೊಬ್ಬ. ಕೊನೆಗೆ ಹುಲ್ಲೂ ಇಲ್ಲ ಕುರಿಯೂ ಇಲ್ಲ. ಹುಡುಗಿಯರು ಅಯ್ಯೋ ಪಾಪ ಎನ್ನಬೇಕಾದ ಕಡೆ ಅಯ್ಯೋ ಪಾಪ ಅಂದರು. ಪ್ರಶ್ನೆಗೊಂದು ಕೈಗಳ ಕಾಡು ಎದ್ದಿತು, ಅದರೊಳಗೆ ಬಲಗೈ ಹುಡುಕಿ ಎಬ್ಬಿಸುತ್ತಾ ಹೋದಳು. ಎಲ್ಲ ಗಡಿಯಾರದಂತೆ ನಡೆಯುತ್ತಿತ್ತು. ಹೇಳೋದು ಆಚಾರ ತಿನ್ನೋದು ಬದನೆಕಾಯಿ ಅನ್ನುವ ಮಾತು ತನಗಲ್ಲ, ಬೇರೆ ಯಾರಿಗೋ ಮಾಡಿದ್ದು ಎಂದು ಅವಳಿಗೆ ಒಂದೈದು ನಿಮಿಷ ನಿಜವಾಗಿಯೂ ಅನ್ನಿಸಿತು.

ಆಗ ಹಿಂದಿನ ಬೆಂಚಿನಿಂದ ಉಸ್ತಾದ್ ಫೌವಾಜ್ ಪೆನ್ನು ಕೆಳಗಿಟ್ಟರು.

‘ಕುರಿಗಾಹಿ ಕಥೆ ಪುಸ್ತಕದ್ದು. ಅದು ನಂಗೂ ಬಾಯಿಪಾಠ. ನಿಮ್ಮ ಬೀದೀದು ಒಂದು ಹೇಳಿ ನೋಡೋಣ. ಎಲ್ಲರದ್ದಾಗಿರೋದನ್ನ ಒಬ್ಬರೇ ಎಳ್ಕೊಳ್ಳೋದು, ಅಂಥದ್ದು.’

ತಗೊಳ್ಳೋದು ಅನ್ನಬಹುದಿತ್ತು, ಬಳಸೋದು ಅನ್ನಬಹುದಿತ್ತು. ಎಳ್ಕೊಳ್ಳೋದು ಅಂದರು. ಹೇಳಿಕೊಟ್ಟಂತೆ ಎಲ್ಲ ಕೈಗಳೂ ಎದ್ದವು, ಮೂವತ್ತೆಂಟು ಎಡಗೈ. ಮೂರನೇ ಸಾಲಿನ ಕಿಟಕಿಯ ಬದಿಯಲ್ಲಿ ಒಂದೇ ಒಂದು ಬಲಗೈ, ಬೆಂಚಿಗೆ ನೆಟ್ಟ ಕೋಲಿನ ಹಾಗೆ ನೇರವಾಗಿ. ಸುಂದುಸ್‌ಳದು. ಅಂಗೈ ಮೇಲೆ ಕ್ಯಾನಿನ ಹಿಡಿ ಕೊರೆದ ಕೆಂಪು ಗೆರೆ ಅಲ್ಲಿಂದಲೇ ಕಾಣುತ್ತಿತ್ತು, ಅಥವಾ ಕಾಣುತ್ತಿದೆ ಎಂದು ಇಂತಿಸಾರ್‌ಗೆ ಅನ್ನಿಸಿತು. ಎಡಗೈಯವಳನ್ನು ಎಬ್ಬಿಸಿದರೆ ತರಗತಿಯ ಮಾನ ಹೋಗುತ್ತದೆ. ಬಲಗೈಯವಳನ್ನು ಎಬ್ಬಿಸಿದರೆ ತನ್ನದು. ಯೋಚನೆ ಮಾಡುವಷ್ಟು ಹೊತ್ತೇನೂ ಬೇಕಾಗಲಿಲ್ಲ. ರಗದ್ ಎಂಬ ಹುಡುಗಿಯನ್ನು ಎಬ್ಬಿಸಿದಳು. ರಗದ್ ತನ್ನ ಎಡಗೈಯನ್ನೂ ಮಿಸ್‌ರನ್ನೂ ನೋಡಿ, ನಂಬಿಕೆದ್ರೋಹವಾದ ಮುಖ ಮಾಡಿ, ಕುರಿ ಅಂದಳು. ಯಾರ ಕುರಿ ಎಂದು ಉಸ್ತಾದ್ ಕೇಳಿದರು. ಎಲ್ಲರ ಕುರಿ ಅಂದಳು ರಗದ್. ಇನ್ನೊಬ್ಬಳನ್ನು ಎಬ್ಬಿಸಿದಳು, ಅವಳು ಪಾಠದ ಮೊದಲ ಪ್ಯಾರಾವನ್ನು ಗಿಳಿಯ ಹಾಗೆ ಒಪ್ಪಿಸಿ ಕೂತಳು. ಉಸ್ತಾದ್ ಕಡತದಲ್ಲಿ ಏನೋ ಗೀಚಿದರು. ಆಮೇಲೆ ಬೆರಳು ತೋರಿಸಿ, ಆ ಹುಡುಗಿ ಆಗಲಿಂದ ಕೈ ಇಳಿಸಿಯೇ ಇಲ್ಲವಲ್ಲ ಮಿಸ್, ಅವಳನ್ನೇಕೆ ಕೇಳುತ್ತಿಲ್ಲ ಅಂದರು.

ಸುಂದುಸ್ ಎದ್ದು ನಿಂತಳು.

‘ನಮ್ಮ ಮೇಲ್ಮನೆ ಫ್ರಿಜ್, ಉಸ್ತಾದ್.’

ತರಗತಿ ನಕ್ಕಿತು. ಉಸ್ತಾದರೂ ನಕ್ಕರು. ‘ಫ್ರಿಜ್ ತಗೊಳ್ಳೋದು ಕರೆಂಟಮ್ಮ, ಅದೂ ಅವರ ಮನೇದು. ಅದರಲ್ಲಿ ನಿಮ್ಮದೇನು ಹೋಯ್ತು?’

‘ಮಂಗಳವಾರ ಅದು ಗುಂಯ್ ಅನ್ನೋಕೆ ಶುರು ಮಾಡಿದ್ರೆ ನಮ್ಮನೆ ನಲ್ಲಿ ನಿಂತುಹೋಗುತ್ತೆ ಉಸ್ತಾದ್. ಅದು ಸುಮ್ಮನಾಗೋ ಹೊತ್ತಿಗೆ ಬೀದೀಲೂ ನೀರು ಹೋಗಿರುತ್ತೆ. ಹದಿನಾಲ್ಕು ವಾರದಿಂದ ಬರೆದಿಟ್ಟಿದ್ದೀನಿ.’

ನಗು ಪೂರ್ತಿ ನಿಲ್ಲಲಿಲ್ಲ, ತೂತುಬಿದ್ದ ಕೊಡದ ನೀರಿನಂತೆ ಇಳಿಯುತ್ತಾ ಹೋಯಿತು. ನಾಲ್ಕಾರು ಹುಡುಗಿಯರು ತಮ್ಮ ಬೆಂಚನ್ನು ಮೊದಲ ಸಲ ನೋಡುವವರಂತೆ ನೋಡತೊಡಗಿದರು. ಅವರ ಮನೆಗಳಲ್ಲೂ ಮಂಗಳವಾರ ಏನೇನು ಗುಂಯ್ ಅನ್ನುತ್ತದೋ. ಉಸ್ತಾದ್ ಫೌವಾಜ್ ಕೆಮ್ಮಿದರು. ಬಾಟಲಿ ಬಿಚ್ಚಿ ಒಂದು ಗುಟುಕು ಕುಡಿದರು, ಮತ್ತೊಂದು ಗುಟುಕು ಕುಡಿದರು. ಅವರ ಕಿವಿ ಕೆಂಪಾದದ್ದನ್ನು ಇಂತಿಸಾರ್ ಕಂಡಳು, ಕಂಡು ಅವಳಿಗೆ ಆದದ್ದು ಸಮಾಧಾನ ಎಂದು ಹೇಳಲು ನಾಚಿಕೆಯಾಗುತ್ತದೆ. ಮೇಲ್ಮನೆ ಯಾರದೆಂದು ಅವರು ಕೇಳಲಿಲ್ಲ. ಫ್ರಿಜ್ಜಿನ ಜಾಡು ಹಿಡಿದು ಹೊರಟರೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆಂದು ಅವರಿಗೂ ಗೊತ್ತಿದ್ದಂತಿತ್ತು. ಮಿಸ್, ಇದನ್ನು ನೀವೇ ವೈಜ್ಞಾನಿಕವಾಗಿ ಬಗೆಹರಿಸಿ ಅಂದರು.

ಸುಂದುಸ್ ಇಂತಿಸಾರ್‌ಳ ಮುಖ ನೋಡುತ್ತಿದ್ದಳು. ಆ ಕಣ್ಣಲ್ಲಿ ಆರೋಪವಿದ್ದಿದ್ದರೆ ಸುಲಭವಾಗುತ್ತಿತ್ತು. ಇದ್ದದ್ದು ಕುತೂಹಲ ಅಷ್ಟೆ. ತನಗೆ ಬಿಡಿಸಲಾಗದ ಲೆಕ್ಕವನ್ನು ಮಿಸ್ ಬಿಡಿಸಿಕೊಡುತ್ತಾರೆ ಎಂಬ ಭರವಸೆ. ಇಂತಿಸಾರ್ ಬೋರ್ಡಿನ ಕಡೆ ತಿರುಗಿದಳು, ಆ ಕಣ್ಣಿಗೆ ಬೆನ್ನು ಮಾಡಲು ಬೋರ್ಡಿಗಿಂತ ಗೌರವದ ಜಾಗ ಇನ್ನೊಂದಿರಲಿಲ್ಲ. ‘ಎರಡು ಸಂಗತಿ ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಲ್ಲ’ ಎಂದು ದುಂಡಗೆ ಬರೆದಳು. ಕೋಳಿ ಕೂಗುತ್ತದೆ, ಬೆಳಗಾಗುತ್ತದೆ, ಹಾಗೆಂದು ಕೋಳಿ ಸೂರ್ಯನನ್ನು ತರುತ್ತದೆಯೇ ಎಂದು ಕೇಳಿದಳು. ಇಲ್ಲ ಮಿಸ್ ಎಂದು ಮೂವತ್ತೆಂಟು ಕಂಠ ಕೂಗಿದವು. ಮಾತು ತಾನಾಗಿಯೇ ಹರಿಯುತ್ತಿತ್ತು, ಅದರ ಸೊಗಸಿಗೆ ಅವಳೇ ಬೆರಗಾದಳು. ಕಾರಣವೆಂದು ಹೇಳಬೇಕಾದರೆ ಪ್ರಯೋಗ ಮಾಡಬೇಕು, ಒಂದನ್ನು ನಿಲ್ಲಿಸಿ ಇನ್ನೊಂದು ಏನಾಗುತ್ತದೆಂದು ನೋಡಬೇಕು, ಅಲ್ಲಿಯವರೆಗೆ ಅದು ಬರೀ ಊಹೆ. ಬರೀ ಊಹೆಯಿಂದ ಯಾರ ಮೇಲೂ ತಪ್ಪು ಹೊರಿಸುವುದು ವಿಜ್ಞಾನವಲ್ಲ.

‘ಗೊತ್ತಾಯ್ತಾ ಸುಂದುಸ್?’

‘ಗೊತ್ತಾಯ್ತು ಮಿಸ್’ ಎಂದು ಸುಂದುಸ್ ಕೂತಳು. ನೋಟುಪುಸ್ತಕ ತೆಗೆದು ಬೋರ್ಡಿನ ಮೇಲಿದ್ದದ್ದನ್ನು ಬರೆದುಕೊಂಡಳು, ಅಕ್ಷರ ಬಿಡದೆ.

ಉಸ್ತಾದ್ ಫೌವಾಜ್ ವರದಿಯಲ್ಲಿ ‘ಅತ್ಯುತ್ತಮ’ ಎಂದು ಬರೆದರು. ವಿದ್ಯಾರ್ಥಿನಿಯ ತಪ್ಪು ಕಲ್ಪನೆಯನ್ನು ಅಲ್ಲೇ ವೈಜ್ಞಾನಿಕವಾಗಿ ತಿದ್ದಿದ್ದಕ್ಕೆ ವಿಶೇಷ ಮೆಚ್ಚುಗೆ ಎಂದು ಕೆಳಗೆ ಸೇರಿಸಿದರು. ಹೋಗುವಾಗ ಇಂತಿಸಾರ್‌ಳ ಹತ್ತಿರ ನಿಂತು, ಪಾಠ ಚೆನ್ನಾಗಿತ್ತು ಎಂದಷ್ಟೇ ಹೇಳಿ ಹೋದರು. ಸಿತ್ತ್ ಹೈಫಾ ಅವಳನ್ನು ತಬ್ಬಿಕೊಂಡು ಎರಡು ಕೆನ್ನೆಗೂ ಮುತ್ತಿಟ್ಟರು. ಇಂತಿಸಾರ್ ಅಂದರೆ ಗೆಲುವು. ಅಪ್ಪ ಹೆಸರಿಟ್ಟದ್ದು ನಲವತ್ತೆಂಟು ವರ್ಷಕ್ಕೆ ಸಾರ್ಥಕವಾಯಿತು. ಸಹೋದ್ಯೋಗಿಗಳು ಸಿಹಿ ಕೇಳಿದರು, ಕುನಾಫಾ ತರಿಸಿದಳು, ತಾನೂ ತಿಂದಳು. ತಿಂದ ಮೇಲೆ ನೀರು ಬೇಕಾಯಿತು. ಶಾಲೆಯ ನಲ್ಲಿಯಲ್ಲಿ ನೀರಿರಲಿಲ್ಲ, ಎಲ್ಲ ಗಿಡಗಳಿಗೆ ಹೋಗಿತ್ತು.

ಮನೆಗೆ ಬಂದಾಗ ಎರಡು ಗಂಟೆ ಕಳೆದಿತ್ತು. ಸಫ್ವಾನ್ ಪ್ಲಗ್ಗು ಹಾಕಿ ಇಸ್ಪೀಟಿಗೆ ಹೋಗಿದ್ದ. ಮೋಟರು ಗುಂಯ್ ಅನ್ನುತ್ತಿತ್ತು, ಮೇಲೆ ಟ್ಯಾಂಕಿಗೆ ನೀರು ಬೀಳುತ್ತಿತ್ತು, ಪುದೀನದ ಎಲೆಗಳು ಆ ನಡುಕಕ್ಕೆ ಸಣ್ಣಗೆ ಅಲುಗುತ್ತಿದ್ದವು. ಇಂತಿಸಾರ್ ಬಟ್ಟೆಯನ್ನೂ ಬದಲಿಸದೆ ಅಡುಗೆಮನೆಯಲ್ಲಿ ನಿಂತಳು. ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು, ಅದಕ್ಕೆ ಬೇರೆ ಮಾತಿಲ್ಲ. ಕದ್ದದ್ದಕ್ಕಿಂತ ಹೆಚ್ಚಾಗಿ, ಆ ಹುಡುಗಿ ಹದಿನಾಲ್ಕು ವಾರ ಕಣ್ಣಿಟ್ಟು ನೋಡಿ ಕಂಡುಕೊಂಡ ನಿಜವನ್ನು ತಾನು ವಿಜ್ಞಾನದ ಹೆಸರಿನಲ್ಲೇ ಸುಳ್ಳು ಮಾಡಿ ಕೂರಿಸಿದ್ದಕ್ಕೆ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬಳೇ ಒಬ್ಬಳು ವಿದ್ಯಾರ್ಥಿನಿ ಪುಸ್ತಕ ಬಿಟ್ಟು ಲೋಕ ನೋಡಿದ್ದಳು, ಅವಳಿಗೆ ತಾನು ಕೋಳಿಯ ಕಥೆ ಹೇಳಿದ್ದಳು. ಕಪಾಟಿನ ಮೇಲೆ ತಟ್ಟೆ ಇತ್ತು. ಇಂತಿಸಾರ್ ಬಾಲ್ಕನಿಗೆ ಹೋಗಿ ಪ್ಲಗ್ಗು ಕಿತ್ತಳು. ಇದರಿಂದ ಏನಾಗುತ್ತದೆ, ಗಂಡನಿಗೇನು ಹೇಳುತ್ತೇನೆ ಎಂದು ಯೋಚಿಸಿರಲಿಲ್ಲ. ಸದ್ದು ನಿಂತಿತು. ಎರಡು ವರ್ಷದಲ್ಲಿ ಮಂಗಳವಾರ ಮಧ್ಯಾಹ್ನ ಮನೆ ಹೀಗೆ ಸುಮ್ಮನಿದ್ದದ್ದು ಇದೇ ಮೊದಲು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ, ನೆಲದ ಒಳಗಿನಿಂದ ಬಂದಂತೆ, ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿಸಿತು. ಯಾರೋ ಏನೋ ಕೂಗಿದರು, ಪಾತ್ರೆಗಳು ಬಡಿದಾಡಿದವು. ಇಷ್ಟೇ ಸಾಕು, ಇನ್ನು ಮೇಲೆ ಹೀಗೆಯೇ, ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದು ಅವಳು ಲೆಕ್ಕ ಹಾಕುತ್ತಿರುವಾಗ ಬಾಗಿಲು ಬಡಿದ ಸದ್ದಾಯಿತು.

ಬಾಗಿಲಲ್ಲಿ ಉಮ್ಮ್ ಗಾಲಿಬ್. ತೋಳು ಮೇಲೇರಿಸಿದ್ದರು, ಮೊಣಕೈವರೆಗೆ ಒದ್ದೆ. ಹಿಂದೆ ಎರಡು ಮೆಟ್ಟಿಲು ಕೆಳಗೆ ಸುಂದುಸ್.

‘ಕ್ಷಮಿಸ್ಬೇಕು ಮಿಸ್. ಇವಳು ಇವತ್ತು ಕ್ಲಾಸಲ್ಲಿ ದೊಡ್ಡವರ ಮುಂದೆ ನಿಮ್ಮ ಫ್ರಿಜ್ ಹೆಸರೆತ್ತಿದಳಂತೆ. ನೀವು ತಿದ್ದಿದ್ರಂತೆ, ಎಲ್ಲ ಹೇಳಿದಳು. ಓದಿದವರು ಹೇಳಿದ ಮೇಲೆ ಮುಗೀತು. ಈಗ ನೋಡಿದ್ರೆ ಅದರ ಸದ್ದೇ ಇಲ್ಲ. ನಮ್ಮ ಕಣ್ಣೇ ತಾಗಿತೋ ಏನೋ ಅಂತ ನನ್ನ ಜೀವ ಹಾರಿಹೋಯ್ತು. ಒಳಗಿರೋ ಮಾಂಸ ಕೊಡಿ ಮಿಸ್, ನಮ್ಮ ಫ್ರಿಜ್ಜಲ್ಲಿ ಬೇಕಾದಷ್ಟು ಜಾಗ ಇದೆ. ಈ ಸೆಕೆಗೆ ಕೆಟ್ಟುಹೋಗುತ್ತೆ.’ ಎಂದು ಎರಡೂ ತೋಳು ಚಾಚಿ ನಿಂತರು.

ಇಂತಿಸಾರ್ ಆ ಮುಖದಲ್ಲಿ ಚುಚ್ಚುಮಾತನ್ನು ಹುಡುಕಿದಳು. ಸಿಕ್ಕಿದ್ದರೆ ಹಿಡಿದುಕೊಳ್ಳಲು ಒಂದು ಆಸರೆಯಾಗುತ್ತಿತ್ತು. ಇರಲಿಲ್ಲ. ಎರಡು ವರ್ಷ ಪ್ರತಿ ಮಂಗಳವಾರ ಈ ಹೆಂಗಸು ಕೇಳಿದ್ದು ಫ್ರಿಜ್ಜಿನ ಯೋಗಕ್ಷೇಮವನ್ನೇ.

ತಾಯಿಯ ಹಿಂದೆ, ಮೆಟ್ಟಿಲ ಮೇಲೆ, ಅಭ್ಯಾಸಬಲದಿಂದ ಸುಂದುಸ್‌ಳ ಬಲಗೈ ಮೇಲೆದ್ದಿತು.

‘ಮಿಸ್, ಫ್ರಿಜ್ ನಿಂತಿದೆ. ನಮ್ಮನೇಲಿ ನೀರು ಬಂದಿದೆ.’

‘ಸುಮ್ನಿರೇ’ ಎಂದು ಉಮ್ಮ್ ಗಾಲಿಬ್ ತಿರುಗಿ ಗದರಿದರು. ‘ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಮಿಸ್ ಹೇಳಿಲ್ವಾ?’

ಕೈ ಇಳಿಯಲಿಲ್ಲ. ಅದನ್ನು ಬಿಟ್ಟು ಎಬ್ಬಿಸಲು ಇಲ್ಲಿ ರಗದ್ ಇರಲಿಲ್ಲ, ಬೆನ್ನು ಮಾಡಲು ಬೋರ್ಡೂ ಇರಲಿಲ್ಲ. ಇಂತಿಸಾರ್ ಬಾಗಿಲಿನಿಂದ ಪಕ್ಕಕ್ಕೆ ಸರಿದು, ಒಳಗೆ ಬನ್ನಿ ಅಂದಳು. ಇಬ್ಬರನ್ನೂ ಅಡುಗೆಮನೆ ದಾಟಿಸಿ, ಸದ್ದಿಲ್ಲದೆ ತನ್ನಷ್ಟಕ್ಕೆ ತಣ್ಣಗೆ ನಿಂತಿದ್ದ ಬಿಳಿ ಫ್ರಿಜ್ಜಿನ ಪಕ್ಕದಿಂದಲೇ ಹಾಯ್ದು, ಬಾಲ್ಕನಿಗೆ ಕರೆದುಕೊಂಡು ಹೋದಳು. ಬಗ್ಗಿ ಪುದೀನದ ಡಬ್ಬಗಳನ್ನು ಒಂದೊಂದಾಗಿ ಎಳೆದು ಬದಿಗಿಟ್ಟಳು. ನೀಲಿ ಬಣ್ಣದ ಮೋಟರು, ಅದರ ಎರಡೂ ಕಡೆ ಕೊಳವೆ, ಕಿತ್ತು ಬಿದ್ದ ಪ್ಲಗ್ಗು. ಕೈಗೆ ಮಣ್ಣಾಗಿತ್ತು, ಒರೆಸಿಕೊಳ್ಳಲಿಲ್ಲ.

‘ಇದೇ ಉಮ್ಮ್ ಗಾಲಿಬ್, ಆ ಸದ್ದು ಮಾಡೋ ಫ್ರಿಜ್’ ಅಂದಳು.

ಸುಂದುಸ್ ಮೋಟರನ್ನು ನೋಡಲಿಲ್ಲ. ಕೊಳವೆ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಕಣ್ಣಲ್ಲೇ ಹಿಡಿದು ಮೇಲಿನವರೆಗೆ ಹೋಗಿ, ಅಲ್ಲಿಂದ ಇಳಿದು ಬಂದು, ತನ್ನ ಅಂಗೈ ನೋಡಿಕೊಂಡಳು. ಉಮ್ಮ್ ಗಾಲಿಬ್ ನೋಡಿದ್ದು ಮೋಟರನ್ನೇ. ಮಾಂಸ ಹೊರಲು ಬಂದ ತೋಳುಗಳನ್ನು ಏನು ಮಾಡಬೇಕೆಂದು ತಿಳಿಯದೆ ನಿಧಾನವಾಗಿ ಕೆಳಗಿಳಿಸಿದರು. ಕೂಗುತ್ತಾರೆ, ಶಾಪ ಹಾಕುತ್ತಾರೆ ಎಂದು ಇಂತಿಸಾರ್ ಕಾದಳು, ಹಾಕಲಿ ಎಂದು ಬೇಡಿಕೊಂಡಳು.

‘ಮತ್ತೆ ಫ್ರಿಜ್ಜಲ್ಲಿಡಿ ಅಂತ ನಾನು ಕೊಟ್ಟ ದವಾಲಿ ಎಲ್ಲಿಟ್ರಿ?’ ಎಂದು ಉಮ್ಮ್ ಗಾಲಿಬ್ ಕೇಳಿದರು.